ಕ್ಯಾರಿಯ ಹಳ್ಳಿ ಪಬ್ಬಿನಲ್ಲಿ ನಮ್ಮ ಮಾವನವರು

ಕುಡಿಯುವವರನ್ನು ಪಬ್ಬಿಗೆ ಕರೆದುಕೊಂಡು ಹೋದರೆ ಏನೂ ಆಗುವುದಿಲ್ಲ. ಕುಡಿಯದವರನ್ನು ಕರೆದುಕೊಂಡು ಹೋದರೆ ಒಂದಲ್ಲ ಒಂದು ಆಗುತ್ತಲೇ ಇರುತ್ತದೆ.

ಕೋವಿಡ್ ಗಲಾಟೆ ಮುಗಿದ ಮೇಲೆ ಮೈಸೂರಿಂದ ಅತ್ತೆ-ಮಾವ ಬಂದರು. ಅಮೆರಿಕದಲ್ಲಿ ನಾವಿರುವ ಕ್ಯಾರಿ ಊರಿನಲ್ಲಿ ಕಾರಿಲ್ಲದೆ ಎಲ್ಲಿಗೂ ಹೋಗಲಾಗದು. ಭಾನುವಾರ ಮಧ್ಯಾಹ್ನ ನಾನೇ ಒಂದು ಇಂಗ್ಲಿಷ್ ಪಬ್ಬಿಗೆ ಕರೆದೊಯ್ಯುತ್ತಿದ್ದೆ. ಓನರ್ ಇಂಗ್ಲೆಂಡಿನ ಹಳ್ಳಿಯವನು. ಊರಿನ ಪಬ್ ಹೇಗಿತ್ತೋ ಇಲ್ಲೂ ಹಾಗೇ ಇರಬೇಕೆಂದು ಅವನ ಹಟ. ಮಾವನವರಿಗೆ ಅಲ್ಲಿಯ ಆಲೂಗಡ್ಡೆ ಚಿಪ್ಸು, ಶುಂಠಿ ಸೋಡಾ ಹಿಡಿಸಿತ್ತು.

ಬೋರ್ಡು

ಬಾಗಿಲ ಮೇಲೆ ಬರೀ ಹಸುವಿನ ಚಿತ್ರದ ಬೋರ್ಡು. ಮೊದಲ ದಿನ ನಾನು ಕಾರ್ ಪಾರ್ಕ್ ಮಾಡಿ ಬರುವಷ್ಟರಲ್ಲಿ ಅತ್ತೆ ಕೌಂಟರಿಗೆ ಹೋಗಿ ಒಂದು ಗ್ಯಾಲನ್ ಹಾಲು ಕೇಳಿದ್ದರು.

ಓನರ್‌ಗೆ ಸಂತೋಷವೋ ಸಂತೋಷ. "ಹಿಂದಿನ ಕಾಲದಲ್ಲಿ ನಮ್ಮ ಹಳ್ಳೀಲಿ ಯಾರಿಗೂ ಓದೋಕೆ ಬರ್ತಿರಲಿಲ್ಲ. ಅದಕ್ಕೇ ಪಬ್ಬಿಗೆ ಚಿತ್ರ ಹಾಕ್ತಿದ್ರು. ಬರೀ ಚಿತ್ರ ನೋಡ್ಕೊಂಡು ಒಳಗೆ ಬಂದೋರು ಇಲ್ಲಿ ಇವರೇ ಮೊದಲು!" ಅಂದ.

ರಿಟೈರ್ಡ್ ಇಂಗ್ಲಿಷ್ ಲೆಕ್ಚರರ್ ಆದ ಅತ್ತೆ ನೇರ ಹೋಗಿ ಕಾರಿನಲ್ಲಿ ಕೂತರು. ಆಮೇಲೆ ಬಂದದ್ದು ಮಾವನವರೊಬ್ಬರೇ.

ಕುರ್ಚಿ

ಹಳ್ಳಿ ಪಬ್ಬಿನಲ್ಲಿ ಹಳೇ ಗಿರಾಕಿಗಳಿಗೆ ಖಾಯಂ ಜಾಗ ಇರುತ್ತದಂತೆ. ಗೊತ್ತಿಲ್ಲದೆ ಮಾವ ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂತರು. ಒಬ್ಬ ಅಜ್ಜ ಬಂದು ಎದುರಿಗೆ ನಿಂತ.

"ಅದು ಅವರ ಸೀಟು" ಅಂದ ಓನರ್.

"ಟವೆಲ್ ಹಾಕಿದ್ರಾ ಕೇಳಪ್ಪಾ" ಅಂದರು ಮಾವ.

ನಮ್ಮೂರ ಬಸ್ಸಿನಲ್ಲಿ ಕಿಟಕಿಯಿಂದ ಟವೆಲ್ ಎಸೆದವನದೇ ಸೀಟು ಎಂಬುದನ್ನು ನಾನು ಇಂಗ್ಲಿಷಿನಲ್ಲಿ ವಿವರಿಸಿದೆ. ಅಜ್ಜ ಗಂಭೀರವಾಗಿ ತಲೆಯಾಡಿಸಿ ಬೇರೆ ಕಡೆ ಕೂತ.

ಮುಂದಿನ ಭಾನುವಾರ ಆ ಕುರ್ಚಿ ಮೇಲೆ ದೊಡ್ಡದೊಂದು ಸ್ನಾನದ ಟವೆಲ್ ಇತ್ತು. ಅಜ್ಜ ಕಾಣಲಿಲ್ಲ.

"ಎಲ್ಲಿ ಅವರು?" ಅಂತ ಓನರ್‌ನನ್ನು ಕೇಳಿದೆ.

"ಫ್ಲಾರಿಡಾಗೆ ಹೋಗಿದಾರೆ. ಬರೋದು ಮುಂದಿನ ತಿಂಗಳು."

ಗಂಟೆ

ಹಿಂದೆ ಓನರ್‌ನ ಊರಲ್ಲಿ ಮಧ್ಯಾಹ್ನ ಪಬ್ ಮುಚ್ಚಲೇಬೇಕಿತ್ತಂತೆ. ಗಂಟೆ ಹೊಡೆದರೆ ಎಲ್ಲರೂ ಕೊನೆಯ ಗ್ಲಾಸಿಗೆ ಕೌಂಟರಿಗೆ ಬರಬೇಕು. ಇಲ್ಲೂ ಭಾನುವಾರ ಮೂರಕ್ಕೆ ಅವನು ಗಂಟೆ ಹೊಡೆಯುತ್ತಿದ್ದ.

ಒಂದು ಭಾನುವಾರ ಮಾವ ಚಿಪ್ಸ್ ತಿಂದು ಕೂತಲ್ಲೇ ನಿದ್ದೆ ಹೋಗಿದ್ದರು. ಗಂಟೆ ಢಣಢಣ ಅಂತು. ತಟ್ಟನೆ ಎದ್ದರು, ಕೈ ಮುಗಿದರು, ನಿಂತಲ್ಲೇ ಒಂದು ಸುತ್ತು ಸುತ್ತಿದರಂತೆ. ಜನ ಸಾಲಾಗಿ ನಿಂತದ್ದು ನೋಡಿ ತಾವೂ ನಿಂತರಂತೆ. ನಾನು ರೆಸ್ಟ್‌ರೂಮಿನಿಂದ ಬಂದು ನೋಡಿದರೆ, ಕೌಂಟರಿನ ಮುಂದೆ ಕಣ್ಣು ಅರೆ ಮುಚ್ಚಿ, ಬಲ ಅಂಗೈ ಗುಳಿ ಮಾಡಿ, ತೀರ್ಥಕ್ಕೆ ಕೈ ಚಾಚಿದ್ದರು.

ಓನರ್ ನನ್ನ ಮುಖ ನೋಡಿದ. "ಗ್ಲಾಸ್ ಬೇಡ್ವಾ?"

"ಬೇಡ. ಶುಂಠಿ ಸೋಡಾ, ಕೈಗೇ ಹಾಕಿ" ಅಂದೆ. ಇನ್ನೇನು ಹೇಳಲಿ?

ಒಂದು ಚಮಚದಷ್ಟು ಹಾಕಿದ. ಮಾವ ಸೊರ್ರನೆ ಹೀರಿ, ಒದ್ದೆ ಕೈಯನ್ನು ತಲೆಗೆ ಸವರಿಕೊಂಡು ಪಕ್ಕಕ್ಕೆ ಸರಿದರು.

ಅವರ ಹಿಂದೆ ನಿಂತಿದ್ದ ದಢೂತಿ ಆಸಾಮಿ ಬೇಸ್‌ಬಾಲ್ ಟೋಪಿ ತೆಗೆದು ಕಂಕುಳಲ್ಲಿಟ್ಟುಕೊಂಡು, ಭಕ್ತಿಯಿಂದ ಬಲಗೈ ಚಾಚಿದ.

"ನನಗೆ ಬಿಯರ್" ಅಂದ.