ಬೆನ್ನ ಹಿಂದಿನ ಏಳು ಸೆಕೆಂಡು

ಇಡೀ ಒಳಾಂಗಣ ಕ್ರೀಡಾಂಗಣದಲ್ಲಿ ಎಲ್ಲಕ್ಕಿಂತ ಒಳ್ಳೆಯ ಜಾಗ ಸಿಕ್ಕಿದ್ದು ಗೇಟಪ್ಪನಿಗೆ. ಅರವತ್ತು ಮೀಟರ್ ಓಟ ಮುಗಿಯುವ ಗೆರೆಯಿಂದ ಸರಿಯಾಗಿ ಹತ್ತು ಹೆಜ್ಜೆ. ಓಡಿ ಬಂದವರ ಗಾಳಿ ಕುತ್ತಿಗೆಗೆ ಸೋಕುವಷ್ಟು ಹತ್ತಿರ. ತೊಂದರೆ ಒಂದೇ. ಅವನು ಓಟಕ್ಕೆ ಬೆನ್ನು ಹಾಕಿ ನಿಲ್ಲಬೇಕಿತ್ತು.

ಗೇಟಪ್ಪ ಸೆಕ್ಯೂರಿಟಿ ಗಾರ್ಡು. ಹೆತ್ತವರು ಇಟ್ಟ ಹೆಸರು ಬೇರೆ. ಹನ್ನೊಂದು ವರ್ಷ ಒಂದಲ್ಲ ಒಂದು ಗೇಟು ಕಾದಿದ್ದಕ್ಕೆ ಬೀದಿಯವರು ಇಟ್ಟ ಹೆಸರೇ ಗಟ್ಟಿಯಾಗಿ ಕೂತಿತ್ತು. ಈಗ ನಡೆಯುತ್ತಿದ್ದದ್ದು ಅಂತರರಾಷ್ಟ್ರೀಯ ಚಾಂಪಿಯನ್‌ಶಿಪ್, ನಲವತ್ತು ದೇಶದವರು ಬಂದಿದ್ದರು. ಗಾರ್ಡುಗಳಿಗೆ ಹೇಳಿದ್ದು ಮಾತ್ರ ಒಂದೇ ಮಾತು: ಕಣ್ಣು ಜನರ ಕಡೆ, ಬೆನ್ನು ಆಟದ ಕಡೆ. ಯಾರಾದರೂ ಬಾಟಲಿ ಎಸೆದರೆ, ಕಟಕಟೆ ಹಾರಿದರೆ ಹಿಡಿಯಬೇಕು. ತಿರುಗಿ ಓಟ ನೋಡಿದವನು ಅವತ್ತೇ ಮನೆಗೆ. ಓಟ ನೋಡಲೆಂದೇ ಸೋಫಾ ಹಾಕಿಸಿಕೊಂಡಿದ್ದ ಕೋಟಿನವರು ಕಾಲ ಮೇಲೆ ಕಾಲು ಹಾಕಿ ಫೋನು ತೀಡುತ್ತಿದ್ದರು. ಅವರಿಗೆ ಯಾವ ನಿಯಮವೂ ಇರಲಿಲ್ಲ.

ಬೇರೆ ದಿನವಾಗಿದ್ದರೆ ಗೇಟಪ್ಪ ಇದನ್ನೆಲ್ಲ ತಲೆಗೆ ಹಚ್ಚಿಕೊಳ್ಳುತ್ತಿರಲಿಲ್ಲ. ಇವತ್ತು ಓಡುವವರಲ್ಲಿ ಅವನ ಮಗಳೂ ಇದ್ದಳು, ಮನೆಯವರೆಲ್ಲ ಮಿಡತೆ ಎಂದು ಕರೆಯುತ್ತಿದ್ದವಳು. ಮೊದಲು ಆರಿಸಿದ್ದ ಹುಡುಗಿ ಕಾಲು ಉಳುಕಿಸಿಕೊಂಡಳೆಂದು ಮೂರು ದಿನದ ಹಿಂದೆ ಇವಳಿಗೆ ಕರೆ ಬಂದಿತ್ತು. ಒಟ್ಟು ಎಂಟು ಗುಂಪು. ಪ್ರತಿ ಗುಂಪಿನಲ್ಲಿ ಗೆದ್ದ ಒಬ್ಬಳಿಗೆ ಮಾತ್ರ ನಾಳೆ ಫೈನಲ್. ಮಗಳದ್ದು ಆರನೆಯ ಗುಂಪು, ಅದರಲ್ಲಿ ಹೋದ ವರ್ಷದ ಚಾಂಪಿಯನ್ನೂ ಇದ್ದಳು. ಹೋಗಿ ಒಂದು ಸಲ ಓಡಿ ಬಾ, ಅಷ್ಟೇ ಸಾಕು ಎಂದು ಕೋಚ್ ಕೂಡ ಮುಚ್ಚುಮರೆಯಿಲ್ಲದೆ ಹೇಳಿಬಿಟ್ಟಿದ್ದ.

ಅಂದರೆ ನೋಡಲು ಇದ್ದದ್ದು ಇವತ್ತೊಂದೇ ದಿನ, ಅದರಲ್ಲೂ ಏಳು ಸೆಕೆಂಡು. ಮಗಳು ಎಲ್ಲೆಲ್ಲೋ ಓಡಿ ಕಪ್ಪು ತಂದಾಗಲೆಲ್ಲ ಗೇಟಪ್ಪ ಯಾವುದೋ ಗೇಟಿನಲ್ಲಿ ಸಲಾಮು ಹೊಡೆಯುತ್ತಿದ್ದ. ಅವಳು ಓಡುವುದನ್ನು ಅವನು ಕಣ್ಣಾರೆ ಕಂಡಿದ್ದು ಒಂದೇ ಸಲ, ಬೀದಿನಾಯಿ ಅಟ್ಟಿಸಿಕೊಂಡು ಬಂದಾಗ. ಆದರೆ ಈ ಕೆಲಸ ಸೇರಿ ಇನ್ನೂ ಮೂರು ತಿಂಗಳು ತುಂಬಿರಲಿಲ್ಲ. ಈ ವಾರ ಸರಿಯಾಗಿ ನಿಂತರೆ ಖಾಯಂ, ಇಲ್ಲವಾದರೆ ಮತ್ತೆ ಗೇಟಿಂದ ಗೇಟಿಗೆ ಅಲೆದಾಟ.

ಬೆಳಗ್ಗೆಯೇ ಹೋಗಿ ಸೂಪರ್‌ವೈಸರ್‌ನ ಮುಂದೆ ಕೈಕಟ್ಟಿ ನಿಂತು, ಹತ್ತು ನಿಮಿಷದ ಮಟ್ಟಿಗೆ ಬೇರೆ ಕಡೆ ಹಾಕಿ ಎಂದು ಕೇಳಿದ. ಸೂಪರ್‌ವೈಸರ್ ವಾಕಿಟಾಕಿಯಿಂದ ಕಿವಿ ಕೆರೆದುಕೊಂಡ.

"ಮಗಳು ನಿನ್ನವಳು ಕಣಯ್ಯಾ, ಓಟ ನಿನ್ನದಲ್ಲ. ಹೋಗು, ಜನರನ್ನ ನೋಡು."

ಜನರನ್ನು ನೋಡಿದರೆ ಎದುರಿಗೆ ಕೂತಿದ್ದದ್ದು ಇಡೀ ಅವನ ಬೀದಿ. ಮಗಳಿಗೆ ಸಿಕ್ಕಿದ್ದ ಹದಿನೈದು ಪಾಸು ಹಿಡಿದು ಹೆಂಡತಿ, ಸ್ಕೂಟರ್ ಮೆಕ್ಯಾನಿಕ್ ಆಗಿದ್ದ ಅವಳ ತಮ್ಮ, ಮೇಲಿನ ಮನೆಯ ನಿವೃತ್ತ ಮೇಷ್ಟ್ರು, ಅಕ್ಕಪಕ್ಕದ ಮನೆಗಳವರು ಎಲ್ಲರೂ ಮೊದಲನೆಯ ಸಾಲಿನಲ್ಲೇ ಜಮಾಯಿಸಿದ್ದರು. ಗೇಟಪ್ಪನ ಕಷ್ಟ ತಿಳಿದದ್ದೇ ತಡ, ಸಾಲಿನ ಈ ತುದಿಯಿಂದ ಆ ತುದಿಯವರೆಗೆ ಉಪಾಯಗಳು ಹುಟ್ಟಿಕೊಂಡವು.

ಮೊದಲು ಮುಂದೆ ಬಂದವರು ಮೇಷ್ಟ್ರು. ತಾವು ಓಟವನ್ನು ಕಣ್ಣಿಗೆ ಕಟ್ಟುವ ಹಾಗೆ ಹೇಳುತ್ತಾ ಹೋಗುವುದಾಗಿಯೂ ಗೇಟಪ್ಪ ಸುಮ್ಮನೆ ಕಿವಿ ತೆರೆದುಕೊಂಡಿದ್ದರೆ ಸಾಕೆಂದೂ ಭರವಸೆ ಕೊಟ್ಟರು. ಒಂದನೆಯ ಗುಂಪಿನ ಓಟದಲ್ಲಿ ಇದರ ಪರೀಕ್ಷೆ ನಡೆಯಿತು. ಮೇಷ್ಟ್ರು ಗಂಟಲು ಸರಿಮಾಡಿಕೊಂಡು, ಎಂಟು ಜನ ಓಟಗಾರ್ತಿಯರು ಬಣ್ಣಬಣ್ಣದ ಉಡುಪು ಧರಿಸಿ ಸಾಲಾಗಿ ನಿಂತಿದ್ದಾರೆ ಎಂದು ಶುರು ಮಾಡಿದರು. ಉಡುಪಿನ ಬಣ್ಣ ಮೂರನೆಯದಕ್ಕೆ ಬರುವಷ್ಟರಲ್ಲಿ ಓಟ ಮುಗಿದು ಗೆದ್ದವಳು ನೀರು ಕುಡಿಯುತ್ತಿದ್ದಳು.

ಎರಡನೆಯ ಗುಂಪು ಓಡುವಾಗ ಗೇಟಪ್ಪ ಸ್ವಂತ ಬುದ್ಧಿ ಉಪಯೋಗಿಸಿದ. ಮೈ ಅಲುಗಿಸದೆ ಕುತ್ತಿಗೆಯನ್ನು ಒಂದು ಬೆರಳಷ್ಟು ತಿರುಗಿಸಿ, ಉಳಿದದ್ದನ್ನು ಕಣ್ಣುಗುಡ್ಡೆಗೆ ಬಿಟ್ಟ. ಕಂಡದ್ದು ತನ್ನದೇ ಮೂಗು. ಇನ್ನೊಂದು ಬೆರಳು ತಿರುಗಿಸಿದ. ದೊಡ್ಡ ಪರದೆಯಾದರೂ ಕಂಡೀತು ಎಂದುಕೊಂಡರೆ ಅದೂ ಹಾಳಾದದ್ದು ತಲೆಯ ಹಿಂದೆಯೇ ಇತ್ತು. ಕುತ್ತಿಗೆ ಹುರಿ ಹಾಕಿದ ಹಗ್ಗದಂತೆ ಬಿಗಿಯತೊಡಗಿತು. ಗಂಡನ ಕಣ್ಣು ಹೀಗೆ ಒಂದು ಮೂಲೆಗೆ ಸೇರಿದ್ದು ಕಂಡು ಹೆಂಡತಿಗೆ ಗಾಬರಿಯಾಯಿತು. ಬೆಳಗ್ಗೆ ತಿಂಡಿ ತಿಂದಿರಾ ಇಲ್ಲವಾ ಎಂದು ಸನ್ನೆ ಮಾಡಿ ಕೇಳಿದಳು.

ಆಗ ಭಾಮೈದ ಎದ್ದು ಹೊರಗೆ ಹೋದ. ಐದು ನಿಮಿಷದಲ್ಲಿ ಅಂಗಿಯೊಳಗೆ ಏನೋ ಮುಚ್ಚಿಟ್ಟುಕೊಂಡು ಬಂದ. ಅವನ ಸ್ಕೂಟರಿನ ಕನ್ನಡಿ, ಕಡ್ಡಿ ಸಮೇತ.

"ಹಿಂದೆ ಬರೋದನ್ನ ನೋಡೋಕೇ ತಾನೇ ಭಾವ ಇದನ್ನ ಮಾಡಿರೋದು? ನಾನು ಹಿಡ್ಕೋತೀನಿ, ನೀವು ಜನರನ್ನ ನೋಡೋ ಥರ ನೋಡ್ತಾ ಇರಿ."

ಇಂಥ ತಲೆಯವನನ್ನು ಇಷ್ಟು ವರ್ಷ ದಡ್ಡನೆಂದುಕೊಂಡಿದ್ದೆನಲ್ಲಾ ಎಂದು ಗೇಟಪ್ಪನಿಗೆ ಪಶ್ಚಾತ್ತಾಪವಾಯಿತು. ನಾಲ್ಕನೆಯ ಗುಂಪು ಸಾಲಿಗೆ ನಿಂತಾಗ ಕನ್ನಡಿ ಮೇಲೆದ್ದಿತು. ಮೊದಲು ಗೇಟಪ್ಪನಿಗೆ ಅವನ ಕಿವಿ ಕಂಡಿತು. ಹುಬ್ಬು ಏರಿಸಿದ, ಕನ್ನಡಿ ಏರಿತು, ಚಾವಣಿ ಕಂಡಿತು. ಹುಬ್ಬು ಇಳಿಸಿ ಎಡಕ್ಕೆ ಎಳೆದ, ಕನ್ನಡಿ ಎಡಕ್ಕೆ ವಾಲಿತು. ಆ ಹೊತ್ತಿಗೆ ಚಾವಣಿಯ ದೀಪವೊಂದರ ಬೆಳಕು ಕನ್ನಡಿಗೆ ಬಡಿದು, ನೇರವಾಗಿ ಹೋಗಿ ಪಿಸ್ತೂಲು ಎತ್ತಿದ್ದ ಸ್ಟಾರ್ಟರನ ಕಣ್ಣಿಗೆ ಹೊಡೆಯಿತು.

ಓಟ ನಿಂತಿತು. ಹೊಳೆಯುವ ವಸ್ತು ಹಿಡಿದವರು ಕೂಡಲೇ ಒಳಗಿಡಬೇಕೆಂದು ಮೈಕಿನಲ್ಲಿ ಹೇಳಿದರು. ಬಗ್ಗಿದ್ದ ಎಂಟು ಜನ ಎದ್ದು ಸೊಂಟದ ಮೇಲೆ ಕೈಯಿಟ್ಟರು. ಸೂಪರ್‌ವೈಸರ್ ಧಾವಿಸಿ ಬಂದವನೇ ಕನ್ನಡಿ ಕಿತ್ತುಕೊಂಡು, ಇದೇನೆಂದು ಕೇಳಿದ. ತಲೆ ಬಾಚಿಕೊಳ್ಳಲು ತಂದದ್ದು ಎಂದ ಭಾಮೈದ. ಸೂಪರ್‌ವೈಸರ್ ಭಾಮೈದನ ಬೋಳು ತಲೆಯನ್ನು ಒಂದು ಸಲ ನೋಡಿದ. ಸಿಟ್ಟೆಲ್ಲ ತಿರುಗಿದ್ದು ಗೇಟಪ್ಪನ ಮೇಲೆ.

"ಮೂಗಿನ ಕೆಳಗೇ ಕನ್ನಡಿ ಬಿಡ್ತಿದಾನೆ, ನೀನು ನೋಡ್ತಾ ನಿಂತಿದೀಯ. ನಿನ್ನ ಕಣ್ಣೇನು ಬೆನ್ನಲ್ಲಿದೆಯಾ? ಇನ್ನೊಂದು ತಪ್ಪು ಆಗ್ಲಿ, ಇಲ್ಲೇ ಯೂನಿಫಾರ್ಮ್ ಬಿಚ್ಚಿಸ್ತೀನಿ."

ಐದನೆಯ ಗುಂಪು ಹೋಯಿತು. ಮೈಕಿನವನು ಆರನೆಯ ಗುಂಪಿನ ಹೆಸರುಗಳನ್ನು ಓದಿದ. ಮಗಳ ಹೆಸರನ್ನು ಮುರಿದು ಮೂರು ತುಂಡು ಮಾಡಿ ಹೇಳಿದರೂ ಅಪ್ಪನಿಗೆ ಗುರುತು ಸಿಕ್ಕಿತು. ಕ್ರೀಡಾಂಗಣದ ಸದ್ದಡಗಿತು. ಗೇಟಪ್ಪನ ಎದೆಯಲ್ಲಿ ಏನೋ ಸಿಡಿಯಿತು. ಹನ್ನೊಂದು ವರ್ಷ ಊರಿನವರ ಬಾಗಿಲು ಕಾದೆ, ನನ್ನ ಮಗಳ ಏಳು ಸೆಕೆಂಡು ನನಗಿಲ್ಲವಾ? ಕೆಲಸ ಹೋದರೆ ಹೋಗಲಿ. ನೋಡೇಬಿಡುತ್ತೇನೆ.

ಸ್ಟಾರ್ಟರ್ ಕೈ ಎತ್ತಿದ. ಗೇಟಪ್ಪ ತಿರುಗಿದ.

ತಿರುಗಲು ಹೊರಟ, ಅಷ್ಟೇ. ಬೆಳಗ್ಗಿನಿಂದ ಬೆರಳು ಬೆರಳಷ್ಟೇ ಹಿಂಡಿಸಿಕೊಂಡಿದ್ದ ಕುತ್ತಿಗೆ ಕಟಕ್ಕೆಂದು ಹಿಡಿದುಕೊಂಡಿತು. ನೋವು ಸೊಂಟದವರೆಗೆ ಇಳಿದು, ಪಾದವನ್ನೂ ನೆಲಕ್ಕೆ ಮೊಳೆ ಹೊಡೆದ ಹಾಗೆ ಹಿಡಿಯಿತು. ತಲೆ ನೆಟ್ಟಗೆ, ಎದೆ ಮುಂದೆ, ಗಲ್ಲ ಮೇಲಕ್ಕೆ. ಕಣ್ಣಿಂದ ಎರಡು ಸಾಲು ನೀರು ದಳದಳ ಇಳಿಯಿತು. ಹಿಂದೆ ಪಿಸ್ತೂಲು ಸಿಡಿಯಿತು. ಹದಿನಾರು ಕಾಲುಗಳ ಸದ್ದು ತಗಡಿನ ಮೇಲೆ ಕಾಳು ಸುರಿದಂತೆ ಹತ್ತಿರ ಬಂತು, ಕುತ್ತಿಗೆಗೆ ಒಂದಿಷ್ಟು ಗಾಳಿ ಸೋಕಿತು. ಆಮೇಲೆ ಓಡಿ ಬಂದವರು ಕೊನೆಯ ಗೋಡೆಯ ಮೆತ್ತೆಗೆ ದಬದಬ ಬಡಿದ ಸದ್ದು. ಜನರ ಮುಖ ನೋಡಿಯಾದರೂ ತಿಳಿಯೋಣವೆಂದರೆ ಎದುರಿಗೆ ಮುಖವೇ ಇರಲಿಲ್ಲ, ಹದಿನೈದು ಫೋನುಗಳ ಬೆನ್ನು ಇತ್ತು.

ಕ್ರೀಡಾಂಗಣ ಹುಚ್ಚೆದ್ದು ಕೂಗಿತು. ಹೆಂಡತಿ ಕಟಕಟೆಯವರೆಗೆ ಓಡಿ ಬಂದಳು.

"ಗೆದ್ಲು ರೀ. ನಮ್ಮ ಮಿಡತೆ ಗೆದ್ಲು."

"ಹೇಗೆ ಓಡಿದ್ಲೇ?" ಗೇಟಪ್ಪ ಹಲ್ಲು ಕಚ್ಚಿಕೊಂಡೇ ಕೇಳಿದ.

"ನಾನೆಲ್ಲಿ ನೋಡ್ದೆ? ನಿಮ್ಮನ್ನೇ ನೋಡ್ತಿದ್ದೆ."

ಭಾಮೈದ ಫೋನು ತೋರಿಸಿದ. ಪೂರ್ತಿ ಓಟ ಗೇಟಪ್ಪನ ಮುಖವೇ. ಮೇಷ್ಟ್ರ ಫೋನಿನಲ್ಲೂ ಅದೇ, ಹದಿನೈದರಲ್ಲೂ ಅದೇ. ಓಟವನ್ನು ಹೇಗೂ ಟಿವಿಯವರು ತೋರಿಸುತ್ತಾರೆ, ಅಪ್ಪನ ಮುಖವನ್ನು ಯಾರು ತೋರಿಸುತ್ತಾರೆ ಎಂದು ಮೇಷ್ಟ್ರು ಎಲ್ಲರಿಗೂ ಹೇಳಿಕೊಟ್ಟಿದ್ದರಂತೆ. ಟಿವಿಯವರು ಆ ಹೊತ್ತಿನಲ್ಲಿ ಇನ್ನೊಂದು ಮೂಲೆಯಲ್ಲಿ ಗುಂಡು ಎಸೆಯುವವರನ್ನು ತೋರಿಸುತ್ತಿದ್ದರು ಎಂಬುದು ಆಮೇಲೆ ಗೊತ್ತಾಯಿತು.

ಸಂಜೆ ಮಗಳು ಅಪ್ಪನನ್ನು ಹಲಗೆಯ ಹಾಗೆ ನಡೆಸಿಕೊಂಡು ಹೋಗಿ ತಂಡದ ಮಾಲೀಸಿನವನ ಮುಂದೆ ಮಲಗಿಸಿದಳು. ಅವನು ಎರಡು ಸಲ ಒತ್ತಿ ಒಂದು ಸಲ ಎಳೆದ. ಗೇಟಪ್ಪನ ಕುತ್ತಿಗೆ ಗೂಬೆಯ ಕುತ್ತಿಗೆಯಂತೆ ಬೇಕಾದ ಕಡೆ ತಿರುಗತೊಡಗಿತು. ಅಷ್ಟೇ ಅಲ್ಲ, ನಾಳೆ ಅವನಿಗೆ ವಾರದ ರಜೆ. ಫೈನಲ್‌ಗೆ ಅಪ್ಪನ ಪಾಲಿನ ಪಾಸನ್ನು ಮಗಳು ಜೇಬಿಗೇ ತುರುಕಿದಳು.

"ನಾಳೆ ಕೂತ್ಕೊಂಡು ನೋಡಪ್ಪ. ಸೋತ್ರೂ ಪರವಾಗಿಲ್ಲ, ನೀನು ನೋಡ್ಬೇಕು."

ಅಷ್ಟರಲ್ಲಿ ಸೂಪರ್‌ವೈಸರ್ ಏದುಸಿರು ಬಿಡುತ್ತಾ ಬಂದು ಗೇಟಪ್ಪನನ್ನು ಅಪ್ಪಿಕೊಂಡ. ಭಾಮೈದ ಹರಿಬಿಟ್ಟ ವಿಡಿಯೊ ಊರೆಲ್ಲ ಸುತ್ತಿ ಚಾಂಪಿಯನ್‌ಶಿಪ್ಪಿನ ಅಧ್ಯಕ್ಷರವರೆಗೆ ಹೋಗಿತ್ತು. ಹೆತ್ತ ಮಗಳು ಬೆನ್ನ ಹಿಂದೆ ಗೆಲ್ಲುತ್ತಿದ್ದಾಳೆ, ಕಣ್ಣಲ್ಲಿ ನೀರು ಸುರಿಯುತ್ತಿದೆ, ಆದರೂ ಕೂದಲೆಳೆಯಷ್ಟೂ ತಿರುಗಲಿಲ್ಲವಲ್ಲ ಎಂದು ಅವರು ಕರವಸ್ತ್ರ ತೆಗೆದರಂತೆ.

"ನಾಳೆ ನಿನ್ನ ರಜೆ ರದ್ದು," ಎಂದ ಸೂಪರ್‌ವೈಸರ್ ಸಂತೋಷದಿಂದ. "ಫೈನಲ್‌ಗೂ ಅದೇ ಜಾಗದಲ್ಲಿ ನೀನೇ ನಿಲ್ಬೇಕು ಅಂತ ಅಧ್ಯಕ್ಷರು ಹೇಳಿದಾರೆ. ಇದೇ ಥರ ನಿಂತ್ರೆ ಖಾಯಂ. ಓಟದ ಹೊತ್ತಿಗೆ ಟಿವಿಯವರು ಒಂದು ಕ್ಯಾಮೆರಾ ನಿನ್ನ ಮುಖಕ್ಕೇ ಇಡ್ತಾರೆ, ನಲವತ್ತು ದೇಶ ನೋಡುತ್ತೆ. ಒಂದೇ ಒಂದು ಮಾತು. ಆ ಕಣ್ಣೀರು ನಾಳೆನೂ ಬರ್ಬೇಕು. ಬರುತ್ತೆ ತಾನೇ?"

ಆ ವಿಷಯದಲ್ಲಿ ಮಾತ್ರ ಚಿಂತೆಗೆ ಕಾರಣವಿರಲಿಲ್ಲ. ಗೇಟಪ್ಪನಿಗೆ ಅದು ಆಗಲೇ ಬರತೊಡಗಿತ್ತು.