ರಿಸರ್ವ್ ವ್ರತ

ಕಾರಿನ ಟ್ಯಾಂಕನ್ನು ಜೀವಮಾನದಲ್ಲಿ ಪೂರ್ತಿ ತುಂಬಿಸುವುದಿಲ್ಲ ಎಂದು ನಂಜನಗೂಡಿನ ಸರ್ವೇಯರ್ ಶಿವಸ್ವಾಮಿ ಕಾರು ಕೊಂಡ ದಿನವೇ ಪಣ ತೊಟ್ಟಿದ್ದರು. ಎಂಟು ವರ್ಷವಾದರೂ ಪಣಕ್ಕೆ ಭಂಗ ಬಂದಿರಲಿಲ್ಲ. ಪೆಟ್ರೋಲ್ ಹೆಚ್ಚಾದಷ್ಟೂ ಕಾರು ಭಾರ, ಭಾರವಾದಷ್ಟೂ ಮೈಲೇಜ್ ಕಮ್ಮಿ. ಇದು ಅವರ ಸಿದ್ಧಾಂತ. ರಿಸರ್ವಿನ ಹಳದಿ ದೀಪ ಹತ್ತಿದರೆ ಲೋಕದ ಜನ ಬಂಕ್ ಹುಡುಕುತ್ತಾರೆ. ಶಿವಸ್ವಾಮಿಯವರಿಗೆ ಅದು ನಂದಾದೀಪ.

ಆ ಸೋಮವಾರ ಅವರ ಹೆಂಡತಿ ವನಜಾಕ್ಷಿ ತಿ. ನರಸೀಪುರದ ಶಿಕ್ಷಣಾಧಿಕಾರಿಗಳ ಆಫೀಸಿನಲ್ಲಿ ಮುಖ್ಯೋಪಾಧ್ಯಾಯಿನಿಯಾಗಿ ವರದಿ ಮಾಡಿಕೊಳ್ಳಬೇಕಿತ್ತು. ಹತ್ತೊಂಬತ್ತು ವರ್ಷ ಕಾದು ಬಂದ ಬಡ್ತಿ. ಹನ್ನೆರಡರೊಳಗೆ ಹೋದರೆ ಪೂರ್ವಾಹ್ನ, ತಪ್ಪಿದರೆ ಅಪರಾಹ್ನ. ಅಪರಾಹ್ನವಾಯಿತೋ, ಅದೇ ದಿನ ವರದಿ ಮಾಡಿಕೊಳ್ಳುತ್ತಿದ್ದ ಸೋಮಶೇಖರ್ ಮೇಷ್ಟ್ರು ಸೇವಾ ಜ್ಯೇಷ್ಠತೆಯಲ್ಲಿ ಒಂದು ಮೆಟ್ಟಿಲು ಮೇಲೆ ಹೋಗಿ ಕೂರುತ್ತಿದ್ದರು.

ಮೊದಲ ಬಂಕ್ ಬಂತು. "ರೀ, ದೀಪ ಉರೀತಿದೆ," ಎಂದರು ವನಜಾಕ್ಷಿ.

"ಉರೀಲಿ ಬಿಡು."

ಎರಡನೆಯ ಬಂಕೂ ಬಂತು. "ಇವತ್ತೊಂದಿನ ಹಾಕಿಸ್ರೀ. ನಿಮ್ಮ ಕಾಲು ಹಿಡ್ಕೋತೀನಿ."

"ವನಜಾ, ಈ ಕಾರಿನ ನಾಡಿ ನನಗೆ ಗೊತ್ತು. ದೀಪ ಹತ್ತಿದ ಮೇಲೂ ನಲವತ್ತು ಕಿಲೋಮೀಟರ್ ಓಡುತ್ತೆ. ನೀನು ಸೀರೆ ನೆರಿಗೆ ಸರಿ ಮಾಡ್ಕೊಂಡು ಕೂತ್ಕೋ."

ಅರ್ಧ ದಾರಿಯಲ್ಲಿ, ಎರಡೂ ಕಡೆ ಗದ್ದೆ ಬಯಲು, ಕಾರು ಎರಡು ಸಲ ಜಗ್ಗಿ ನಿಂತೇಬಿಟ್ಟಿತು. ಶಿವಸ್ವಾಮಿ ಎದೆಗುಂದಲಿಲ್ಲ. ಕೆಳಗಿಳಿದು ಹಿಂದಿನಿಂದ ಕಾರನ್ನು ಹಿಡಿದು ಅಲ್ಲಾಡಿಸಿದರು. ಟ್ಯಾಂಕಿನೊಳಗೆ ಕುಲುಕಿದ ಸದ್ದು ಕೇಳಿಸಿತು.

"ನೋಡು. ಪೆಟ್ರೋಲ್ ಇದೆ."

"ಸದ್ದು ನನಗೂ ಕೇಳಿಸ್ತು. ಆದ್ರೆ ಕಾರು ಹೋಗ್ತಿಲ್ವಲ್ಲ," ಎಂದ ವನಜಾಕ್ಷಿ ಗಡಿಯಾರ ನೋಡಿಕೊಂಡರು. ಹತ್ತೂ ಇಪ್ಪತ್ತು. ನರಸೀಪುರದ ಬಸ್ಸು ಆಗಷ್ಟೇ ಇವರನ್ನು ದಾಟಿ ಹೋಗಿತ್ತು.

ಶಿವಸ್ವಾಮಿ ಛಲ ಬಿಡದೆ ಕೀಲಿ ತಿರುಗಿಸಿದರು. ಬಾನೆಟ್ ಎತ್ತಿ ಕಂಡಕಂಡ ವೈರನ್ನೆಲ್ಲ ಒತ್ತಿದರು. ಸರ್ವೆ ನಂಬರನ್ನಾದರೆ ಕತ್ತಲೆಯಲ್ಲೂ ಗುರುತಿಸುವ ಅವರಿಗೆ ಅಲ್ಲಿ ಬ್ಯಾಟರಿ ಬಿಟ್ಟರೆ ಇನ್ನೊಂದು ಗುರುತು ಸಿಗಲಿಲ್ಲ. ಅರ್ಧ ಗಂಟೆ ಹೀಗೇ ಕಳೆಯಿತು. ಕೊನೆಗೆ ಟ್ರ್ಯಾಕ್ಟರಿನಲ್ಲಿ ಬರುತ್ತಿದ್ದ ದೊಡ್ಡಸಿದ್ದಯ್ಯ ಎಂಬ ರೈತರು ನಿಲ್ಲಿಸಿ, ನರಸೀಪುರದ ಮೆಕ್ಯಾನಿಕ್ ಮಾದೇಶನಿಗೆ ಫೋನ್ ಮಾಡಿದರು.

ಬೈಕಿನಲ್ಲಿ ಬಂದ ಮಾದೇಶ ಏನನ್ನೂ ಮುಟ್ಟಲಿಲ್ಲ. ಹಿಂದಿನ ಸೀಟಿಗೆ ಕಿವಿ ಆನಿಸಿ, "ಕೀ ತಿರುಗ್ಸಿ ಸಾ," ಎಂದ. ತಿರುಗಿಸಿದರು.

"ಗುಂಯ್ ಅನ್ನಬೇಕಿತ್ತು. ಉಸಿರೇ ಇಲ್ಲ. ಪೆಟ್ರೋಲ್ ಪಂಪು ಓಗ್ಬುಟ್ಟದೆ ಸಾ. ಯಾವಾಗ್ಲೂ ರಿಸರ್ವಲ್ಲೇ ಓಡಿಸ್ತಿದ್ರಾ?"

"ಎಂಟು ವರ್ಷದಿಂದ," ಎಂದು ಉತ್ತರ ಕೊಟ್ಟವರು ವನಜಾಕ್ಷಿ.

"ಅದ್ಕೇ ಮತ್ತೆ. ಆ ಪಂಪು ಟ್ಯಾಂಕ್ ಒಳಗೇ ಇರೋದು ಸಾ. ಕರೆಂಟಲ್ಲಿ ತಿರುಗಿ ಬಿಸಿಯಾಯ್ತದೆ. ಪೆಟ್ರೋಲಲ್ಲಿ ಮುಳುಗಿದ್ರೆ ತಣ್ಣಗಿರ್ತದೆ. ನೀವು ತಳದಲ್ಲಿ ಒಂದಿಷ್ಟು ಬಿಟ್ಟು ಓಡಿಸಿದ್ರಿ. ತಣ್ಣೀರು ಕೊಡ್ದೆ ದುಡಿಸಿದಂಗಾಯ್ತು. ಜೊತೆಗೆ ತಳದ ಕಸ ಬೇರೆ ಎಳ್ಕೊಂಡದೆ."

ಶಿವಸ್ವಾಮಿ ಎತ್ತಿಟ್ಟಿದ್ದ ಬಾನೆಟ್ ಇಳಿಸಿದರು.

ಹನ್ನೊಂದೂ ಕಾಲಾಗಿತ್ತು. ವನಜಾಕ್ಷಿ ಬಡ್ತಿ ಆದೇಶದ ಫೈಲನ್ನು ಎದೆಗವಚಿಕೊಂಡು, ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ ಪರಪುರುಷನ ಬೈಕ್ ಹತ್ತಿದರು. "ಹನ್ನೆರಡರೊಳಗೆ ಆಫೀಸ್ ಮುಟ್ಟಿಸಪ್ಪ ಮಾದೇಶ. ಯಜಮಾನ್ರು ಇಲ್ಲೇ ಇರ್ತಾರೆ, ಅವರಿಗೇನೂ ಅವಸರ ಇಲ್ಲ."

ರೇಷ್ಮೆ ಸೆರಗು ಬೈಕಿನ ಹಿಂದೆ ಹಾರುತ್ತ ತಿರುವಿನಲ್ಲಿ ಮರೆಯಾಯಿತು. ಮಾದೇಶನ ಗ್ಯಾರೇಜಿಗೆ ಎಳೆದೊಯ್ಯಲು ದೊಡ್ಡಸಿದ್ದಯ್ಯ ಕಾರಿಗೆ ಹಗ್ಗ ಕಟ್ಟಿದರು. ಎಂಟು ವರ್ಷ ಮೈಲೇಜಿನ ಲೆಕ್ಕದಲ್ಲಿ ಮೆರೆದ ಕಾರು ಕೆಸರು ಮೆತ್ತಿದ ಟ್ರ್ಯಾಕ್ಟರಿನ ಹಿಂದೆ ಹಸುವಿನ ಹಾಗೆ ಹೊರಟಿತು. ಗದ್ದೆಯಲ್ಲಿದ್ದ ಹೆಂಗಸರು ಬಗ್ಗಿಸಿದ ಬೆನ್ನೆತ್ತಿ ನೋಡಿದರು. ಸ್ಟೀರಿಂಗ್ ಹಿಡಿದು ಕೂತ ಶಿವಸ್ವಾಮಿಗೆ ಮಾದೇಶನ ಒಂದೇ ಮಾತು ಕಿವಿಯಲ್ಲಿತ್ತು: ಪಂಪು ಮುಳುಗಿರಬೇಕು. ತಪ್ಪು ಮಾಡಿದ್ದು ನಿಜ. ತಿದ್ದಿಕೊಳ್ಳುವುದೂ ಗಂಡಸುತನವೇ. ಹೆಂಡತಿಯ ಎದುರು ನಿಲ್ಲುವ ಮೊದಲು ಪ್ರಾಯಶ್ಚಿತ್ತ ಆಗಿಬಿಡಲಿ ಎಂದು ಅವರು ನಿರ್ಧರಿಸಿದರು.

ನರಸೀಪುರದ ಬಾಗಿಲಲ್ಲಿ ಬಂಕ್ ಕಂಡಿತು. "ಸಿದ್ದಯ್ಯನವರೇ, ಒಳಕ್ಕೆ ತಗೊಳ್ಳಿ."

"ಕೆಟ್ಟೋಗಿರೋ ಕಾರಿಗೆ ಪೆಟ್ರೋಲ್ ಯಾಕ್ ಸಾ?"

"ತಗೊಳ್ಳಿ ಅಂದ್ನಲ್ಲ."

ಶಿವಸ್ವಾಮಿ ಗಾಜು ಇಳಿಸಿ, ಜೀವನದಲ್ಲಿ ಮೊದಲ ಬಾರಿಗೆ ಆ ಎರಡು ಪದ ಉಚ್ಚರಿಸಿದರು: "ಫುಲ್ ಟ್ಯಾಂಕ್." ಬಾಯಿಯವರೆಗೂ ತುಂಬಿತು. ಅವರ ಕಣ್ಣೂ ತುಂಬಿತು.

ಗ್ಯಾರೇಜಿಗೆ ಹೋಗುವಷ್ಟರಲ್ಲಿ ವನಜಾಕ್ಷಿ ಅಲ್ಲಿ ಸ್ಟೂಲಿನ ಮೇಲೆ ಕೂತು ಟೀ ಕುಡಿಯುತ್ತಿದ್ದರು. ಹನ್ನೊಂದೂ ಐವತ್ತೆರಡಕ್ಕೆ ಸಹಿ ಹಾಕಿದ್ದರು. ಪೂರ್ವಾಹ್ನ. ಸೋಮಶೇಖರ್ ಮೇಷ್ಟ್ರು ಒಂದು ಮೆಟ್ಟಿಲು ಕೆಳಗೇ ಉಳಿದಿದ್ದರು.

ಮಾದೇಶ ಹಿಂದಿನ ಸೀಟು ಎತ್ತಿ, ಟ್ಯಾಂಕಿನ ಮೇಲಿನ ಮುಚ್ಚಳ ಸಡಿಲಿಸಿದ. ಪೆಟ್ರೋಲ್ ಉಕ್ಕಿ ಅವನ ಕೈ ತೋಯಿಸಿತು.

"ಸಾ, ಇದೇನ್ ಮಾಡ್ಕೊಂಡ್ ಬಂದ್ರಿ?"

"ಮುಳುಗಿರಬೇಕು ಅಂದ್ಯಲ್ಲಪ್ಪ. ಮುಳುಗಿಸಿದ್ದೀನಿ," ಎಂದು ಶಿವಸ್ವಾಮಿ ಹೆಂಡತಿಯ ಕಡೆ ನೋಡಿದರು.

"ಸತ್ತ ಮೇಲೆ ಮುಳುಗ್ಸಿ ಏನ್ ಸಾ ಬಂತು? ಈಗ ಅದ್ನ ಎತ್ತಿ ಒಸಾದು ಆಕ್ಬೇಕು. ಇಷ್ಟನ್ನೂ ಈಚೆಗೆ ತೆಗೀದೆ ಕೈ ಇಕ್ಕಂಗಿಲ್ಲ." ಮಾದೇಶ ಖಾಲಿ ಕ್ಯಾನುಗಳನ್ನು ತಂದು ಸಾಲಾಗಿ ಇಟ್ಟ.

ಹೊಸ ಮುಖ್ಯೋಪಾಧ್ಯಾಯಿನಿ ಟೀ ಲೋಟ ಕೆಳಗಿಟ್ಟರು.

"ಎಂಟು ವರ್ಷದಲ್ಲಿ ಟ್ಯಾಂಕು ಖಾಲಿ ಇರಬೇಕಾಗಿದ್ದದ್ದು ಇವತ್ತೊಂದೇ ದಿನ ಕಣ್ರೀ. ಹಿಡ್ಕೊಳ್ಳಿ ಕ್ಯಾನು."