ಹಾಲಿನ ಯಂತ್ರದ ಗಂಟಲು

ನಿಧಾನಸ್ಥರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಬಸ್ಸು ನಿಲ್ಲುವ ಮೊದಲೇ ಬಾಗಿಲಲ್ಲಿರುತ್ತೇನೆ, ಚಹಾ ಕುದಿಯುವ ಮೊದಲೇ ಸೋಸಿರುತ್ತೇನೆ, ಎದುರಿನವರ ಮಾತು ಅರ್ಧಕ್ಕೆ ಬರುವಷ್ಟರಲ್ಲಿ ಉಳಿದರ್ಧವನ್ನು ನಾನೇ ಊಹಿಸಿ ಉತ್ತರವನ್ನೂ ಕೊಟ್ಟಿರುತ್ತೇನೆ. ಬಹಳ ಸಲ ಅವರು ಕೇಳಹೊರಟಿದ್ದು ಬೇರೆಯೇ ಆಗಿರುತ್ತದೆ, ಆ ಮಾತು ಬಿಡಿ. ಇಂಥವಳನ್ನು ದೇವರು ತಂದು ಸಿಂದಗಿಯಲ್ಲಿ ನಮ್ಮ ಅತ್ತೆಯವರ ಸೊಸೆ ಮಾಡಿದ. ಅತ್ತೆಯನ್ನು ಏನು ಕೇಳಿದರೂ ಮೊದಲು "ಹೂಂ" ಅನ್ನುತ್ತಾರೆ. ಆಮೇಲೆ ಎಲೆಗೆ ಸುಣ್ಣ ಹಚ್ಚಿ, ಅಡಿಕೆ ಇಟ್ಟು ಮಡಚಿ, ದವಡೆಗೆ ಸೇರಿಸಿ, ಸೆರಗು ಸರಿಮಾಡಿಕೊಳ್ಳುತ್ತಾರೆ. ಉತ್ತರ ಬರುವುದು ಅದಾದ ಮೇಲೆ. ಅಷ್ಟು ಹೊತ್ತು ನಾನು ಅಲ್ಲಿ ನಿಂತಿದ್ದರೆ ತಾನೆ!

ನಮ್ಮ ಯಜಮಾನರದು ತಕ್ಕಡಿ, ತೂಕದ ಕಾಟಾ ದುರಸ್ತಿ ಮಾಡುವ ಅಂಗಡಿ. ನಾನು ವಿಜಾಪುರದಲ್ಲಿ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮಾಡಿದವಳು. ಎರಡು ಸಾವಿರದ ಇಸವಿ ದಾಟಿ ಏಳೆಂಟು ವರ್ಷವಾಗಿದ್ದ ಹೊತ್ತಿನಲ್ಲಿ ಇಬ್ಬರೂ ಸೇರಿ ಹಾಲು ತೂಗಿ, ಎಷ್ಟು ಲೀಟರಾಯಿತೆಂದು ಬಾಯಿಬಿಟ್ಟು ಹೇಳುವ ಯಂತ್ರವೊಂದನ್ನು ಮಾಡಿದೆವು. ಓದು ಬಾರದ ಹೆಣ್ಣುಮಕ್ಕಳಿಗೂ ತಮ್ಮ ಹಾಲು ಎಷ್ಟಾಯಿತೆಂದು ಕಿವಿಯಿಂದಲೇ ತಿಳಿಯಬೇಕು ಎಂಬುದು ನನ್ನ ಆಸೆ. ಅಂಕಿಗಳನ್ನೆಲ್ಲ ನನ್ನದೇ ದನಿಯಲ್ಲಿ ಹೇಳಿ, ಉಗುರಿನಷ್ಟು ಚಿಕ್ಕ ಫ್ಲ್ಯಾಶ್ ಮೆಮೊರಿ ಚಿಪ್ಪಿನಲ್ಲಿ ತುಂಬಿದ್ದೆ. ಆ ಚಿಪ್ಪಿನಿಂದ ಮಾತನ್ನು ತರಿಸಿಕೊಡುವ ಪ್ರೋಗ್ರಾಮಿನ ತುಣುಕಿಗೆ ಡ್ರೈವರ್ ಎನ್ನುತ್ತಾರೆ. ನಾನು ಬರೆದ ಡ್ರೈವರ್ ಒಂದೇ ತಂತಿಯಲ್ಲಿ ಮಾತನ್ನು ಚೂರುಚೂರಾಗಿ, ನಿಧಾನವಾಗಿ ತರುತ್ತಿತ್ತು. ಕನ್ನೊಳ್ಳಿಯ ಹಾಲಿನ ಸಂಘದಲ್ಲಿ ಯಂತ್ರ ಇಟ್ಟ ಮೊದಲ ಬೆಳಿಗ್ಗೆಯೇ ಅದು "ಮೂ... ಮೂ... ಮೂರು ಲೀ... ಲೀಟರ್" ಎಂದು ತೊದಲತೊಡಗಿತು. ನೀಲವ್ವ ಎಂಬ ಮುದುಕಿ ಹಾಲಿನ ಕ್ಯಾನು ಕೆಳಗಿಟ್ಟು, "ಪಾಪ, ಅದನ್ಯಾಕ ಹೆದರಿಸೀರಿ?" ಎಂದು ಕೇಳಿದಳು.

ಸಂಘದ ಅಧ್ಯಕ್ಷರು ಒಳ್ಳೆಯವರು, ಆದರೆ ಹಾಲು ತಂದವರ ಸರದಿ ಸಾಲು ರಸ್ತೆಯ ತನಕ ಬೆಳೆದರೆ ಅವರಾದರೂ ಏನು ಮಾಡಬೇಕು? "ಸೋಮವಾರ ಮುಂಜಾನಿ ತನಕ ನೋಡ್ತೇನ್ರಿ. ಆಗ್ಲಿಲ್ಲಂದ್ರ ವಾಪಸ್ ಒಯ್ರಿ" ಎಂದರು. ಬಾಗೇವಾಡಿ, ಮುದ್ದೇಬಿಹಾಳದ ಕಡೆಯ ಸಂಘಗಳೂ ಕನ್ನೊಳ್ಳಿಯಲ್ಲಿ ಏನಾಗುತ್ತದೆಂದು ಕಾಯುತ್ತಿದ್ದವು. ಅದಕ್ಕಿಂತ ಹೆಚ್ಚಾಗಿ, ಯಂತ್ರ ವಾಪಸ್ ಬಂದರೆ ನನ್ನ ಕಂಪ್ಯೂಟರ್ ಮಾರಿ ಆ ಜಾಗದಲ್ಲಿ ಫ್ರಿಜ್ ಇಡುವುದೆಂದು ಮನೆಯಲ್ಲಿ ತೀರ್ಮಾನವಾಗಿತ್ತು. ನನಗೆ ಫ್ರಿಜ್ ಬೇಕಿರಲಿಲ್ಲ. ಆ ಮೂಲೆಯೊಂದೇ ನಾನು ಯಾರ ಸೊಸೆಯೂ ಅಲ್ಲದೆ ಕೂರುವ ಜಾಗವಾಗಿತ್ತು, ಅದು ಹೋದರೆ ಎಂಬ ಯೋಚನೆಗೆ ಊಟವೇ ಸೇರದಂತಾಯಿತು.

ಚಿಪ್ಪಿಗೆ ಇನ್ನೂ ವೇಗವಾದ ದಾರಿಗಳಿದ್ದವು. ಒಂದು ತಂತಿಯ ಬದಲು ಎರಡು ತಂತಿ, ನಾಲ್ಕು ತಂತಿಯಲ್ಲಿ ಒಟ್ಟಿಗೆ ಮಾತು ತರಿಸಬಹುದು. ಯಜಮಾನರು ತಂತಿ ಬೆಸೆದುಕೊಟ್ಟರು, ನಾನು ಡ್ರೈವರಿಗೆ ನಾಲ್ಕು ತಂತಿಯ ದಾರಿ ಕಲಿಸಿದೆ. ಚಿಪ್ಪಿನ ಜೊತೆ ಬಂದ ಕೈಪಿಡಿ ಬಹಳ ಉದ್ದವಿತ್ತು. ಬೇಕಾದಷ್ಟು ಓದಿ ಉಳಿದದ್ದನ್ನು ಹಾರಿಸಿದೆ. ತೊದಲು ನಿಂತೇಹೋಯಿತು. ಆದರೆ ಈಗ ಪ್ರತಿ ಚೂರಿನ ಮೊದಲಿಗೂ ಏನೋ ಕಸ ಸೇರಿಕೊಂಡು ದನಿ ಖರಖರ ಎನ್ನತೊಡಗಿತು, ವಾರಗಟ್ಟಲೆ ನೆಗಡಿಯಾದವರ ಹಾಗೆ. ಶನಿವಾರ ಕನ್ನೊಳ್ಳಿಯಲ್ಲಿ ಅದನ್ನು ಕೇಳಿದ ನೀಲವ್ವ ನನಗೆ ಸೆರಗಿನಲ್ಲಿ ಶುಂಠಿ ಕಟ್ಟಿಕೊಟ್ಟಳು. ಯಂತ್ರದ ಜೊತೆ ಅದನ್ನೂ ಮನೆಗೆ ತಂದು ಕಷಾಯ ಮಾಡಿ ಕುಡಿದೆ. ಯಂತ್ರಕ್ಕೆ ಗುಣವಾಗಲಿಲ್ಲ.

ಭಾನುವಾರ ಉಳಿದದ್ದು ಒಂದೇ ಉಪಾಯ. ಕನ್ನೊಳ್ಳಿ ಅತ್ತೆಯ ತವರು. "ನಾಳಿ ನನ್ನ ಸಂಗಾಟ ಬರ್ತೀರೇನ್ರಿ ಅತ್ತಿ? ಇನ್ನೊಂದ ವಾರ ಬಿಡ್ರಿ ಅಂತ ನೀವು ಹೇಳಿದ್ರ ಅಧ್ಯಕ್ಷರು ಕೇಳ್ತಾರ" ಎಂದೆ. ಅತ್ತೆ "ಹೂಂ" ಎಂದರು. ಅಷ್ಟು ಸಾಕಾಯಿತು ನನಗೆ. ಓಡಿಹೋಗಿ ಅಧ್ಯಕ್ಷರಿಗೆ ಫೋನ್ ಮಾಡಿ, "ನಮ್ಮ ಅತ್ತಿನೂ ಬರಾಕತ್ತಾರ್ರಿ" ಎಂದು ಹೇಳಿ ಬಂದೆ. ಅಷ್ಟರಲ್ಲಿ ಅತ್ತೆಯ ಎಲೆ ದವಡೆ ಸೇರಿತ್ತು.

"ನಾ ಬರಂಗಿಲ್ಲವಾ. ತವರ ಮಂದಿ ಮುಂದ ಮಷಿನ್ ಸಂಬಂಧ ಕೈ ಮುಗಿಯೂದು ನನ್ನ ಕಡಿಂದ ಆಗೂದಿಲ್ಲ."

"ಈಗರ ಹೂಂ ಅಂದ್ರಲ್ಲರಿ?"

"ಹೂಂ ಅಂದ್ರ ನಿನ್ನ ಮಾತು ಕಿವಿಗೆ ಬಿತ್ತು ಅಂತ. ಉತ್ತರ ಇನ್ನಾ ಬರೂದಿತ್ತು. ನೀ ನಿಂದ್ರಲೇ ಇಲ್ಲ."

ಯಜಮಾನರು ಬೇರೆ, "ಮದುವ್ಯಾಗಿ ಇಷ್ಟ ವರ್ಷಾತು, ಅವ್ವನ ಹೂಂ ಇನ್ನಾ ತಿಳೀಲಿಲ್ಲೇನ ನಿನಗ?" ಎಂದು ನಕ್ಕರು. ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಮೂಲೆಗೆ ಹೋಗಿ ಕೈಪಿಡಿಯನ್ನು ಎತ್ತಿ ಒಗೆಯಬೇಕೆಂದು ಹಿಡಿದವಳು ಹಾಗೇ ನಿಂತೆ. ನಾನು ಉತ್ತರವಲ್ಲದ್ದನ್ನು ಉತ್ತರ ಅಂದುಕೊಂಡಿದ್ದೆ. ನನ್ನ ಡ್ರೈವರೂ ಅದನ್ನೇ ಮಾಡುತ್ತಿದ್ದರೆ? ಹಾರಿಸಿದ ಪುಟಗಳನ್ನು ತೆಗೆದು ನೋಡಿದೆ. ಇತ್ತು. ವೇಗದ ದಾರಿಯಲ್ಲಿ ಕೇಳಿದ ಕೂಡಲೇ ಚಿಪ್ಪು ಉತ್ತರ ಕೊಡುವುದಿಲ್ಲ, ಯಂತ್ರದೊಳಗಿನ ಗಡಿಯಾರದ ಕೆಲವು ಬಡಿತ ಸುಮ್ಮನೆ ಬಿಡಬೇಕು, ಆ ಹೊತ್ತಿನಲ್ಲಿ ತಂತಿಯಲ್ಲಿ ಏನು ಬಂದರೂ ಲೆಕ್ಕಕ್ಕೆ ಹಿಡಿಯಬಾರದು. ಹಳೆಯ ನಿಧಾನದ ದಾರಿಯಲ್ಲಿ ಈ ಕಾಯುವಿಕೆ ಇರಲೇ ಇಲ್ಲ. ಬೇಗ ಬೇಕಾದವರೇ ಮೊದಲು ಕಾಯಬೇಕಂತೆ. ಡ್ರೈವರಿಗೆ ಹಾಗೆ ಕಾಯುವ ಒಂದು ಸಾಲು ಸೇರಿಸಿದೆ. ಯಂತ್ರ "ಮೂರು ಲೀಟರ್" ಎಂದಿತು, ಗಂಟೆ ಬಾರಿಸಿದಷ್ಟು ಸ್ವಚ್ಛವಾಗಿ. ನಾನು ಅಲ್ಲೇ ಕುರ್ಚಿಯಲ್ಲಿ ಕುಸಿದು ಅತ್ತುಬಿಟ್ಟೆ. ಎದೆಯ ಮೇಲಿನ ಕಲ್ಲು ಇಳಿದು ಅಂದು ಎರಡು ರೊಟ್ಟಿ ಹೆಚ್ಚು ತಿಂದೆ.

ಸೋಮವಾರ ಕನ್ನೊಳ್ಳಿಯಲ್ಲಿ ಸರದಿ ಸರಸರ ಕರಗಿತು. ಅಧ್ಯಕ್ಷರು ಕಿವಿಗೊಟ್ಟು ಕೇಳಿ, "ದನಿ ಸಾಫ್ ಆತ್ ನೋಡ್ರಿ. ಮಷಿನ್ ಇಲ್ಲೇ ಇರ್ಲಿ. ಆದ್ರ ಒಂದು..." ಎನ್ನುವಷ್ಟರಲ್ಲಿ ನಾನು, "ಆಗ್ಲಿರಿ, ಮಾಡಿಕೊಡ್ತೇನಿ" ಎಂದೆ.

"ಛಲೋ ಆತು. ದನಿ ಅಷ್ಟ ನಿಮ್ಮ ಅತ್ತೀದು ಹಾಕ್ರಿ. ನೀವು ಮಾತಾಡೂದು ಭಾಳ ಗಡಿಬಿಡಿ ಐತಿ. ಕೇಳಬೇಕನ್ನೂದ್ರಾಗ ಮುಗದ ಹೋಗಿರತೈತಿ" ಎಂದರು. ನೀಲವ್ವ ತಲೆಯಾಡಿಸಿ, "ತೊದಲಾಕತ್ತಾಗನ ಬೇಷಿತ್ತು, ತಿಳೀತಿತ್ತು" ಎಂದಳು.

ಒಪ್ಪಿಕೊಂಡಾಗಿತ್ತಲ್ಲ, ಅತ್ತೆಯ ದನಿ ತುಂಬಿದೆ. ಜನಕ್ಕೆ ಬಹಳ ಹಿಡಿಸಿತು, ಆಮೇಲೆ ಇಂಡಿ ತಾಲ್ಲೂಕಿನ ಸಂಘದವರೂ ಅದೇ ದನಿ ಬೇಕೆಂದರು. ತೊಂದರೆಯೆಂದರೆ ಅತ್ತೆ "ಮೂರು" ಎಂದು ಹೇಳಿ "ಲೀಟರ್" ಎನ್ನಲು ಬಾಯಿ ತೆರೆಯುವಷ್ಟರಲ್ಲಿ, ನನ್ನ ಹಳೆಯ ಒಂದೇ ತಂತಿಯ ಡ್ರೈವರ್ ಕೂಡ ಮುಂದಿನ ಪದವನ್ನು ಪೂರ್ತಿ ತಂದಿಟ್ಟುಕೊಂಡು ಆರಾಮಾಗಿ ಕೂತಿರುತ್ತಿತ್ತು. ನಾನು ಅಷ್ಟೆಲ್ಲ ಒದ್ದಾಡಿ ನಾಲ್ಕು ತಂತಿ ಜೋಡಿಸಿದ್ದು ಚಿಪ್ಪು ನಿಧಾನವಾಗಿದ್ದಕ್ಕಲ್ಲ, ನನ್ನ ಬಾಯಿಗೆ ಸರಿಸಮನಾಗಿ ಓಡಲಿ ಎಂದು.